ಕುಂಬಾರನನ್ನು ಮಾಡಿದವರು ಯಾರು?

ನಮ್ಮ ಕಾಲದಲ್ಲಿ ಪಿಯುಸಿ ಆರ್ಟ್ಸ್ ಹುಡುಗರು ತರ್ಕಶಾಸ್ತ್ರ ತಗೊಳ್ಳುತ್ತಿದ್ದದ್ದು ಮಾರ್ಕ್ಸ್ ಜಾಸ್ತಿ ಬೀಳುತ್ತವೆ ಅಂತ. ಅದೂ ಮಧ್ಯಾಹ್ನದ ಕ್ಲಾಸು. ಊರಿನ ಹೆಸರು ಕಾಗದದಲ್ಲಿ ಆಗಿನ್ನೂ ಗುಲ್ಬರ್ಗಾ ಇತ್ತು, ಬಿಸಿಲು ಮಾತ್ರ ಈಗಿನದೇ. ಆ ಹೊತ್ತಿನಲ್ಲಿ ಹುಡುಗರನ್ನು ಎಚ್ಚರ ಇಡುವುದೇ ದೊಡ್ಡ ವಿದ್ಯೆ. ನಮ್ಮ ತರ್ಕದ ಸರ್‌ಗೆ ಅದು ಬರುತ್ತಿತ್ತು.

ಒಂದು ದಿನ ಹೊಗೆ ಕಂಡರೆ ಬೆಂಕಿ ಇದೆ ಎಂದು ಊಹಿಸುವ ಪಾಠ ಎಲ್ಲ ಮುಗಿಸಿ ಉದಯನಾಚಾರ್ಯರಿಗೆ ಬಂದರು. ಸುಮಾರು ಸಾವಿರ ವರ್ಷದ ಹಿಂದಿನವರು, 'ನ್ಯಾಯ' ಎಂಬ ತರ್ಕದರ್ಶನದ ಪಂಡಿತರು. ದೇವರಿದ್ದಾನೆ ಎಂದು ಸಾಧಿಸಲೆಂದೇ 'ನ್ಯಾಯಕುಸುಮಾಂಜಲಿ' ಬರೆದವರು. ಅವರ ವಾದಗಳಲ್ಲಿ ಮೊದಲನೆಯದು ಸರಳ. ಗಡಿಗೆ ಇದೆ ಅಂದರೆ ಕುಂಬಾರ ಇರಬೇಕು. ಭೂಮಿ, ಬೆಟ್ಟ ಇವೂ ಗಡಿಗೆಯ ಹಾಗೆ ಆದ ವಸ್ತುಗಳೇ. ಹಾಗಾದರೆ ಇವಕ್ಕೂ ಒಬ್ಬ ಕರ್ತೃ ಬೇಕು.

ಕೊನೆಯ ಬೆಂಚಿನಿಂದ ಚಿತ್ತಾಪುರದ ಗೆಳೆಯ ಎದ್ದ. "ಹಂಗಾದ್ರ ಆ ಕುಂಬಾರನ್ನ ಮಾಡಿದಂವ ಯಾರ್ರೀ ಸರ?"

ಇಡೀ ಕ್ಲಾಸು ಚಪ್ಪಾಳೆ ಹೊಡೆಯಿತು. ಸರ್ ಸಿಟ್ಟಾಗಲಿಲ್ಲ. "ಚಪ್ಪಾಳಿ ಆಮ್ಯಾಲ ಹೊಡೀರಿ. ಲೇ, ಕೂಡಬ್ಯಾಡ, ನಿಂದ್ರು. ಉದಯನ ಏನಂದಾನ, ಅದನ್ನ ಮೊದಲ ನೀ ಹೇಳು" ಅಂದರು.

ಅವನು ಹೇಳಿದ, "ಇರೋದಕ್ಕೆಲ್ಲ ಕಾರಣ ಅದ ಅಂತ."

"ಹಂಗ ಅಂದಿಲ್ಲಲ್ಲೋ! ಹುಟ್ಟಿದ್ದಕ್ಕೆಲ್ಲ ಕಾರಣ ಅದ ಅಂದಾನ."

ಚಪ್ಪಾಳೆ ಹೊಡೆದವರು ಸುಮ್ಮನಾದರು. ಇರುವುದಕ್ಕೆಲ್ಲ ಕಾರಣ ಬೇಕು ಅಂದರೆ ದೇವರಿಗೂ ಬೇಕು, ಅವನ ಕಾರಣಕ್ಕೂ ಬೇಕು, ಹಿಂದೆ ಹೋಗುತ್ತಲೇ ಇರಬೇಕು. ಅನವಸ್ಥೆ ಅನ್ನುವುದು ಇದಕ್ಕೇ. ಆದರೆ ಹುಟ್ಟಿದ್ದಕ್ಕೆ ಮಾತ್ರ ಕಾರಣ ಬೇಕು ಎಂದರೆ, ಹುಟ್ಟೇ ಇಲ್ಲದ ದೇವರ ಮೇಲೆ ಈ ಪ್ರಶ್ನೆ ಕೂರುವುದಿಲ್ಲ. ಎದುರಿನವನ ಮಾತನ್ನು ಅವನೇ ತಲೆಯಾಡಿಸುವ ಹಾಗೆ ಹೇಳಿ ತೋರಿಸು, ಆಮೇಲೆ ಉತ್ತರ ಕೊಡು. ಇದು ನಮ್ಮ ಸರ್ ಕ್ಲಾಸಿನ ಕಾನೂನು. ಈಗಿನ ಟಿವಿ ಚರ್ಚೆಗಳಿಗೆ ಅವರನ್ನು ಕೂರಿಸಿದ್ದರೆ ಒಂದೂ ಮುಗಿಯುತ್ತಿರಲಿಲ್ಲ.

ನಮ್ಮ ಜೊತೆ ರೋಜಾ ಕಡೆಯ ಹುಡುಗ ಒಬ್ಬನಿದ್ದ, ಬಂದೇ ನವಾಜ್ ದರ್ಗಾದ ಹತ್ತಿರ ಮನೆ. ಇದನ್ನು ಯಾರು ಹುಟ್ಟಿಸಿದರು, ಅದನ್ನು ಯಾರು ಹುಟ್ಟಿಸಿದರು ಅಂತ ಕೇಳುತ್ತಾ ಕೊನೆಗೆ ದೇವರನ್ನು ಯಾರು ಹುಟ್ಟಿಸಿದರು ಅಂತ ಜನ ಕೇಳುತ್ತಾರೆ, ಅಲ್ಲಿಗೆ ನಿಲ್ಲಿಸು ಎಂದು ಹದೀಸಿನಲ್ಲೇ, ಅಂದರೆ ಪ್ರವಾದಿಯವರ ಮಾತುಗಳಲ್ಲೇ, ಇದೆ ಅಂದ. ಸರ್ ಖುಷಿಯಾಗಿ ಇಸ್ಲಾಮಿನ ದೊಡ್ಡ ಚಿಂತಕ ಅಲ್ ಗಜಾಲಿ (1058–1111) ಬಗ್ಗೆ ಹೇಳಿದರು. ಆತನ ವಾದದ ಮೊದಲ ಸಾಲೂ ಉದಯನನದೇ ಹಾಗೆ: ಆರಂಭ ಇರುವುದಕ್ಕೆ ಕಾರಣ ಬೇಕು. ಒಬ್ಬರ ಹೆಸರನ್ನು ಒಬ್ಬರು ಕೇಳಿಯೂ ಇರದವರು ಒಂದೇ ಕಡೆ ಬಂದು ನಿಂತಿದ್ದಾರೆ, ನೋಡಿ.

ಚಿತ್ತಾಪುರದವನು ಅಷ್ಟಕ್ಕೆ ಬಿಡುವವನಲ್ಲ. ಲೈಬ್ರರಿಯಲ್ಲಿ ಹುಡುಕಿ ಇಂಗ್ಲಿಷ್ ತತ್ವಜ್ಞಾನಿ ಬರ್ಟ್ರಂಡ್ ರಸಲ್‌ನನ್ನು ಹಿಡಿದುಕೊಂಡು ಬಂದ. 1927ರಲ್ಲಿ ಲಂಡನ್ನಿನಲ್ಲಿ ಮಾಡಿದ ಭಾಷಣ ಅದು. ಹದಿನೆಂಟನೇ ವಯಸ್ಸಿನಲ್ಲಿ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್‌ನ ಆತ್ಮಕಥೆ ಓದುವಾಗ ಈ ಪ್ರಶ್ನೆ ಎದುರಾಗಿ, ಆದಿಕಾರಣದ ವಾದವನ್ನೇ ಕೈಬಿಟ್ಟೆ ಅಂತ ರಸಲ್ ಅದರಲ್ಲಿ ಹೇಳುತ್ತಾನೆ. ಎಲ್ಲಕ್ಕೂ ಕಾರಣ ಬೇಕಾದರೆ ದೇವರಿಗೂ ಬೇಕು. ಕಾರಣ ಇಲ್ಲದ್ದು ಒಂದು ಇರಬಹುದಾದರೆ ಅದು ಜಗತ್ತೇ ಯಾಕಾಗಬಾರದು?

ಸರ್ ಓದಿ, "ಮೊದಲನೇ ಅರ್ಧ ಹಗರ, ಎರಡನೇದು ವಜ್ಜ" ಅಂದರು. "ಆದ್ರ ಇದನ್ನ ಕೇಳಾಕ ಲಂಡನ್ನಿಗೆ ಯಾಕ ಹೋದಿ? ಸೇಡಂ ಬಸ್ ಹತ್ತಿದ್ರ ಸಾಕಿತ್ತು."

ಮುಂದಿನ ಭಾನುವಾರ ನಮ್ಮನ್ನು ಸೇಡಂ ದಾರಿಯ ಮಳಖೇಡಕ್ಕೆ ಕರೆದುಕೊಂಡು ಹೋದರು. ಕಾಗಿಣಾ ನದಿಯ ದಂಡೆ, ಕುಸಿದ ಕೋಟೆ ಗೋಡೆ, ಅದರ ಮೇಲೆ ಆಡು. ರಾಷ್ಟ್ರಕೂಟರ ಮಾನ್ಯಖೇಟ ಇದೇನಾ ಅನ್ನಿಸುತ್ತದೆ. ಅಮೋಘವರ್ಷ ಇಲ್ಲಿಂದ ಆಳುತ್ತಿದ್ದ 9ನೇ ಶತಮಾನದಲ್ಲಿ ಅವನ ಗುರು, ಜೈನ ಮುನಿ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಆದಿಪುರಾಣ ಬರೆದರು. ಅದರ ಪ್ರಶ್ನೆಗಳನ್ನು ಸರ್ ಕೋಟೆ ಕಟ್ಟೆಯ ಮೇಲೆ ಕೂತು ಬಿಡಿಸಿ ಹೇಳಿದರು. ಸೃಷ್ಟಿಗೆ ಮೊದಲು ದೇವರು ಎಲ್ಲಿದ್ದ? ಸಾಮಗ್ರಿ ಇಲ್ಲದೆ ಜಗತ್ತು ಹೇಗೆ ಮಾಡಿದ? ಸಾಮಗ್ರಿಯನ್ನೂ ಅವನೇ ಮಾಡಿದ ಅಂದರೆ, ಅದಕ್ಕೆ ಸಾಮಗ್ರಿ ಎಲ್ಲಿಂದ? ಅದು ತಾನಾಗಿಯೇ ಇತ್ತು ಅಂದರೆ, ಜಗತ್ತೂ ತಾನಾಗಿಯೇ ಇರಬಹುದಲ್ವಾ? ಅವನು ಪೂರ್ಣನಾದರೆ ಮಾಡಬೇಕೆಂಬ ಆಸೆ ಯಾಕೆ ಹುಟ್ಟಿತು? ಅಪೂರ್ಣನಾದರೆ, ಕುಂಬಾರನ ಕೈಯಲ್ಲಿ ಆಗದ್ದು ಅವನ ಕೈಯಲ್ಲೂ ಆಗದು.

ಉದಯನರಿಗಿಂತ ಮೊದಲೇ ಕೇಳಿದ್ದು ಇದು. ಈ ಪ್ರಶ್ನೆ ದೇವರ ಅಪ್ಪ ಯಾರು ಅಂತ ಕೇಳುವುದಿಲ್ಲ. ಅನಾದಿ ಎಂಬ ಮರ್ಯಾದೆ ದೇವರಿಗೆ ಮಾತ್ರ ಯಾಕೆ ಅಂತ ಕೇಳುತ್ತದೆ. ಉತ್ತರ ಕೊಡುವುದು ಕಷ್ಟ.

ಅದೇ ಊರಲ್ಲಿ ಟೀಕಾರಾಯರ ವೃಂದಾವನ ಎಂದು ಭಕ್ತರು ನಡೆದುಕೊಳ್ಳುವ ಜಾಗವೂ ಇದೆ. ಟೀಕಾರಾಯರು ಅಂದರೆ 'ನ್ಯಾಯಸುಧಾ' ಬರೆದ ಜಯತೀರ್ಥರು, ಮಧ್ವ ಮತದ ದೊಡ್ಡ ತಾರ್ಕಿಕರು. ಇವರಂತೂ ಈ ಪ್ರಶ್ನೆಗಳಿಂದ ದೇವರನ್ನು ಪಾರು ಮಾಡಿಯೇ ಬಿಡುತ್ತಾರೆ ಅಂತ ನಾವು ಕಾದೆವು. ಸರ್ ಹೇಳಿದ್ದು ಬೇರೆ. ದ್ವೈತದಲ್ಲಿ ಜೀವರೂ ಅನಾದಿ, ಜಡ ಪ್ರಕೃತಿಯೂ ಅನಾದಿ. ದೇವರು ಸ್ವತಂತ್ರ, ಉಳಿದದ್ದೆಲ್ಲ ಅವನ ಅಧೀನ. ಅವನನ್ನು ತಿಳಿಯುವುದು ಶಾಸ್ತ್ರದಿಂದ, ಬರೀ ಅನುಮಾನದಿಂದ, ಅಂದರೆ ತರ್ಕದ ಊಹೆಯಿಂದ, ಅಲ್ಲ. ಅಂದರೆ ಕುಂಬಾರನ ವಾದ ಒಂದರಿಂದಲೇ ದೇವರು ಸಿಕ್ಕುವುದಿಲ್ಲ ಅನ್ನುವುದರಲ್ಲಿ ಜೈನರೂ ಮಾಧ್ವರೂ ಒಂದೇ! ನನಗೆ ಇವತ್ತಿಗೂ ಮಜಾ ಅನ್ನಿಸುವ ಸಂಗತಿ ಇದು. ಆಸ್ತಿಕರು ಒಂದು ಕಡೆ, ನಾಸ್ತಿಕರು ಒಂದು ಕಡೆ ಅಂತ ನಾವು ಹಾಕಿಕೊಂಡಿದ್ದ ಗೆರೆ ಆ ಮಧ್ಯಾಹ್ನ ಅಳಿಸಿಹೋಯಿತು.

ಚಿತ್ತಾಪುರದವನು ಈಗ ಉದಯನರ ಕಡೆ ಸೇರಿದ್ದಾನೆ, ನಂಬುತ್ತೀರಾ? ಭಾಗಗಳು ಸೇರಿ ಆದದ್ದಕ್ಕೆ ಆರಂಭ ಇದ್ದೇ ಇರುತ್ತದೆ, ಜಗತ್ತು ಅಂಥದ್ದೇ, ಆದ್ದರಿಂದ ಅದು ಅನಾದಿ ಆಗಲಾರದು ಅನ್ನುವುದು ಅವನ ಪಟ್ಟು. ನಾನು ಜಿನಸೇನರ ಕಡೆ. ನ್ಯಾಯದವರ ಪರಮಾಣುಗಳೇ ನಿತ್ಯ, ಅವನ್ನು ದೇವರು ಮಾಡಿಲ್ಲ, ಜೋಡಿಸಿದ್ದಾನೆ ಅಷ್ಟೇ ಅಂತ ನಾನು ಅಂದರೆ, ಜೋಡಿಸೋದು ಸಣ್ಣ ಕೆಲಸಾನಾ ಅಂತ ಅವನು. ಫೋನಿನಲ್ಲಿ ಇದೇ ಮಾತು, ಇಬ್ಬರ ಮನೆಯವರಿಗೂ ಬೇಜಾರು.

ಈಗ ಓದುತ್ತಿರುವ ತಮ್ಮಂದಿರು, ತಂಗಿಯರು ಆದಿಪುರಾಣದ ಅನುವಾದ ಸಿಕ್ಕರೆ ನಾಲ್ಕನೇ ಪರ್ವ ತೆರೆಯಿರಿ. ಸೃಷ್ಟಿಕರ್ತನ ವಿಚಾರ ಅಲ್ಲೇ ಇದೆ, ಕೆಲವೇ ಶ್ಲೋಕ. ಓದಿ ಸೀದಾ ಒಪ್ಪಿಕೊಳ್ಳಬೇಡಿ. ಉದಯನರ ಕಡೆಯಿಂದ ಒಂದು ಪುಟ ಬರೆದು ನೋಡಿ, ಅವರೇ ಓದಿದ್ದರೆ ಹೌದು ಅನ್ನುವ ಹಾಗೆ.