ಹಿಮ್ಮಡಿ ಇಳಿಸು

ನಮ್ಮ ಶಾಲೆಯ ಡ್ಯಾನ್ಸ್ ಸ್ಟುಡಿಯೊದ ನೆಲ ಒಳಗೆ ಟೊಳ್ಳು. ಮರದ ಪಟ್ಟಿಗಳನ್ನು ಅಡ್ಡಡ್ಡ ಜೋಡಿಸಿ, ಮೇಲೆ ಹಲಗೆ ಹಾಸಿದ್ದರು. ನೆಗೆದು ಇಳಿದಾಗ ನೆಲ ಸ್ವಲ್ಪ ಬಳುಕಲಿ, ಮಂಡಿಗೆ ಬೆನ್ನಿಗೆ ಪೆಟ್ಟು ಬೀಳದಿರಲಿ ಅಂತ ಈ ಏರ್ಪಾಡು. ಆದರೆ ಟೊಳ್ಳು ನೆಲ ಏನನ್ನೂ ಮುಚ್ಚಿಡುವುದಿಲ್ಲ. ಯಾರು ಹೇಗೆ ಇಳಿದರು ಅನ್ನುವುದು ಇಡೀ ಕೋಣೆಗೆ ಕೇಳಿಸುತ್ತಿತ್ತು. ಮೊದಲ ವರ್ಷ ಎಲ್ಲರಿಗಿಂತ ಜಾಸ್ತಿ ಸದ್ದು ನನ್ನದೇ ಇತ್ತು.

ಕಲಾ ವಿಭಾಗದವರಿಗೆ ಉಳಿದ ಪಾಠಗಳ ಜೊತೆಗೆ ದಿನಾ ಎರಡು ಗಂಟೆ ಡ್ಯಾನ್ಸ್. ಬ್ಯಾಲೆ ಪ್ರತಿದಿನ. ಮಾಡರ್ನ್ ಒಂದು ದಿನ, ಜಾಝ್ ಮರುದಿನ. ಮೂರಕ್ಕೂ ಬೇರೆ ಬೇರೆ ಟೀಚರ್. ನಾನು ಮಾತ್ರ ಮೂರರಲ್ಲೂ ಒಂದೇ ಕಡೆ ತಪ್ಪುತ್ತಿದ್ದೆ: ಮಂಡಿ ಬಗ್ಗಿಸುವುದರಲ್ಲಿ. ಅಷ್ಟು ಸಣ್ಣ ಸಂಗತಿ. ಆದರೆ ಆ ಶಾಲೆ ಅಂದರೆ ನನಗೆ ಮೊದಲು ನೆನಪಾಗುವುದು ಅದೇ.

ಬ್ಯಾಲೆಯಲ್ಲಿ ಅದಕ್ಕೆ ಪ್ಲಿಯೆ ಅನ್ನುತ್ತಾರೆ. ಫ್ರೆಂಚ್‌ನಲ್ಲಿ ‘ಬಗ್ಗಿದ್ದು’ ಎಂದು ಅರ್ಥ. ಬ್ಯಾಲೆಯ ಹೆಸರುಗಳೆಲ್ಲ ಫ್ರೆಂಚ್ ಯಾಕೆ ಅಂತ ನಾವು ಕೇಳಿದಾಗ ಟೀಚರ್ ಹದಿನಾಲ್ಕನೇ ಲೂಯಿಯ ಕಥೆ ಹೇಳಿದ್ದರು. ಆ ದೊರೆಗೆ ಕುಣಿಯುವುದೆಂದರೆ ಪ್ರಾಣ. 1661ರಲ್ಲಿ ಪ್ಯಾರಿಸ್ಸಿನಲ್ಲಿ ನೃತ್ಯಕ್ಕೆಂದೇ ಒಂದು ಅಕಾಡೆಮಿ ಶುರುಮಾಡಿದ. ಪಾದದ ಐದು ನಿಲುವುಗಳಿಗೆ ಕ್ರಮ ಹಾಕಿಕೊಟ್ಟವನು ಅವನ ನೃತ್ಯಗುರು ಪಿಯೆರ್ ಬೋಶಾಂ. ಅದೇ ಐದು ನಿಲುವುಗಳಲ್ಲಿ ನಾವು ಬೆಳಿಗ್ಗೆ ಗೋಡೆಯ ಪಕ್ಕದ ಮರದ ಕಂಬಿಯ ಮೇಲೆ ಒಂದು ಕೈ ಇಟ್ಟು ನಿಲ್ಲುತ್ತಿದ್ದೆವು. “ಕಂಬಿ ಹಿಡೀಬೇಡ, ಅದರ ಮೇಲೆ ಕೈ ಇಡು ಅಷ್ಟೇ” ಅನ್ನುತ್ತಿದ್ದರು ಟೀಚರ್.

ಪಿಯಾನೊ ನಿಧಾನವಾಗಿ ಶುರುವಾಗುತ್ತಿತ್ತು. ಪಾದ ಹೊರಕ್ಕೆ ತಿರುಗಿರಬೇಕು. ಆ ತಿರುವು ಸೊಂಟದ ಕೀಲಿನಿಂದಲೇ ಬರಬೇಕು. ಬರೀ ಪಾದವನ್ನು ತಿರುಚಿದರೆ ಮಂಡಿ ನೋಯುತ್ತದೆ. ಬಗ್ಗಿದಾಗ ಮಂಡಿ ಕಾಲ್ಬೆರಳುಗಳ ನೇರಕ್ಕೆ ಹೋಗಬೇಕು. ಅರ್ಧ ಬಗ್ಗಿದಾಗ ಹಿಮ್ಮಡಿ ನೆಲ ಬಿಡಬಾರದು. ಪೂರ್ತಿ ಬಗ್ಗಿದಾಗ ಬಿಡಬಹುದು, ಎರಡನೇ ನಿಲುವಿನಲ್ಲಿ ಮಾತ್ರ ಆಗಲೂ ಬಿಡಬಾರದು. ಇಷ್ಟೆಲ್ಲ ನನಗೆ ಬಾಯಿಪಾಠ ಬರುತ್ತಿತ್ತು. ಆದರೂ ಪ್ಲಿಯೆ ಅಂದರೆ ಮೈ ಬಿಸಿಮಾಡಿಕೊಳ್ಳುವ ಕೆಲಸ, ನಿಜವಾದ ಡ್ಯಾನ್ಸ್ ಆಮೇಲೆ ಬರುತ್ತದೆ ಅಂತಲೇ ತಿಳಿದಿದ್ದೆ. ನನಗೆ ಬೇಕಾಗಿದ್ದದ್ದು ನೆಗೆತ. ಕಂಬಿ ಬಿಟ್ಟು ಕೋಣೆಯ ಮಧ್ಯಕ್ಕೆ ಬಂದ ಮೇಲೆ ನನಗಿಂತ ಎತ್ತರಕ್ಕೆ ಯಾರೂ ಹೋಗಬಾರದು ಅನ್ನಿಸುತ್ತಿತ್ತು.

“ಹಿಮ್ಮಡಿ ಇಳಿಸು” ಅನ್ನುತ್ತಿದ್ದರು ಬ್ಯಾಲೆ ಟೀಚರ್. ದಿನಾ ಹೇಳುತ್ತಿದ್ದರು. ನೆಗೆದು ಇಳಿಯುವಾಗ ಮೊದಲು ಬೆರಳು ತಾಗಬೇಕು, ಆಮೇಲೆ ಪಾದದ ಮುಂಭಾಗ, ಕೊನೆಗೆ ಹಿಮ್ಮಡಿ. ಅದರ ಜೊತೆಗೇ ಮಂಡಿ ಬಗ್ಗಬೇಕು. ನಾನು ಹಿಮ್ಮಡಿ ತಾಗಿಸುವ ಮೊದಲೇ ಮುಂದಿನ ನೆಗೆತಕ್ಕೆ ಹೊರಟುಬಿಡುತ್ತಿದ್ದೆ. ಎರಡನೇ ವರ್ಷದ ಮಧ್ಯದಲ್ಲಿ ಮಂಡಿಯ ಕೆಳಗೆ, ಮುಂದಿನ ಎಲುಬಿನ ಉದ್ದಕ್ಕೂ ನೋವು ಶುರುವಾಯಿತು. ಮೊದಮೊದಲು ಕ್ಲಾಸ್ ಮುಗಿದ ಮೇಲೆ ನೋಯುತ್ತಿತ್ತು. ಆಮೇಲೆ ಮೆಟ್ಟಿಲು ಇಳಿಯುವಾಗಲೂ. ನಾನು ಯಾರಿಗೂ ಹೇಳಲಿಲ್ಲ. ಟೀಚರ್ ನಾನು ನಡೆಯುವುದನ್ನು ನೋಡಿಯೇ ಕಂಡುಹಿಡಿದರು.

ಆರು ವಾರ ನೆಗೆಯುವ ಹಾಗಿಲ್ಲ. ಕಂಬಿಯ ಕೆಲಸ ಮುಗಿಸಿ, ಗೋಡೆಗೆ ಒರಗಿ ಕೂತು, ನೋಡಿದ್ದನ್ನು ಬರೆಯಬೇಕು. ಆ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ. ಮೊದಲ ಕೆಲವು ಪುಟಗಳಲ್ಲಿ ಬರೀ ಸಂಕಟ. ಆಮೇಲೆ ನಿಧಾನವಾಗಿ ಕಣ್ಣು ತೆರೆದಿದೆ. “ಚೆನ್ನಾಗಿ ನೆಗೆಯುವವರು ನೆಗೆಯುವ ಮೊದಲು ಆತುರ ಮಾಡುವುದಿಲ್ಲ” ಅಂತ ಒಂದು ಕಡೆ ಬರೆದಿದ್ದೇನೆ. ಇನ್ನೊಂದು ಕಡೆ: “ಇವತ್ತು ಕಣ್ಣು ಮುಚ್ಚಿ ಕೂತಿದ್ದೆ. ಬರೀ ಸದ್ದು ಕೇಳಿ ಯಾರು ಇಳಿದರು ಅಂತ ಹೇಳಬಹುದು.”

ಮಾಡರ್ನ್ ಕ್ಲಾಸಿನಲ್ಲಿ ಮಾತ್ರ ನಾನು ಬರೀ ನೋಡುತ್ತಾ ಕೂರಬೇಕಾಗಿರಲಿಲ್ಲ, ಯಾಕೆಂದರೆ ಆ ಪಾಠ ನೆಲದ ಮೇಲೆ ಕೂತೇ ಶುರುವಾಗುತ್ತಿತ್ತು. ಅಲ್ಲಿ ಬರಿಗಾಲು. ಅಮೆರಿಕದ ನರ್ತಕಿ ಮಾರ್ಥಾ ಗ್ರಹಾಂ 1926ರಲ್ಲಿ ತಮ್ಮ ತಂಡ ಕಟ್ಟಿ ಬೆಳೆಸಿದ ಪದ್ಧತಿ ಅದು. ಉಸಿರು ಬಿಡುತ್ತಾ ಹೊಟ್ಟೆಯನ್ನು ಒಳಕ್ಕೆ ಸೆಳೆದುಕೊಳ್ಳಬೇಕು, ಬೆನ್ನು ಬಿಲ್ಲಿನ ಹಾಗೆ ಬಾಗಬೇಕು. ಅದು ಕಾಂಟ್ರಾಕ್ಷನ್. ಉಸಿರು ತುಂಬಿಕೊಳ್ಳುತ್ತಾ ಮತ್ತೆ ನೆಟ್ಟಗಾಗುವುದು ರಿಲೀಸ್. ನೋಡುವುದಕ್ಕೆ ಸುಮ್ನೆ ಕೂತ ಹಾಗೆ. ಹತ್ತು ನಿಮಿಷದಲ್ಲಿ ಮೈಯೆಲ್ಲ ಬೆವರು.

ಬ್ಯಾಲೆಯಲ್ಲಿ ಭಾರ ಇಲ್ಲದವರ ಹಾಗೆ ಕಾಣಬೇಕಿತ್ತು. ಇಲ್ಲಿ ಟೀಚರ್ “ನಿನ್ನ ಭಾರ ನನಗೆ ತೋರಿಸು” ಅನ್ನುತ್ತಿದ್ದರು. ಅಮೆರಿಕದ ಇನ್ನೊಬ್ಬ ನರ್ತಕಿ ಡೋರಿಸ್ ಹಂಫ್ರಿ ಅವರ ವಿಚಾರವನ್ನೂ ಅವರೇ ನಮಗೆ ಕಲಿಸಿದ್ದು. ನೆಟ್ಟಗೆ ಅಲ್ಲಾಡದೆ ನಿಲ್ಲುವುದು ಒಂದು ಸಾವು, ಪೂರ್ತಿ ಬಿದ್ದುಬಿಡುವುದು ಇನ್ನೊಂದು ಸಾವು, ಡ್ಯಾನ್ಸ್ ಇರುವುದು ಇವೆರಡರ ನಡುವೆ ಅಂತ ಹಂಫ್ರಿ ನಂಬಿದ್ದರು. ಹಾಗಾಗಿ ನಾವು ಬೀಳುವುದನ್ನು ಪ್ರಾಕ್ಟೀಸ್ ಮಾಡಿದೆವು. ಪಕ್ಕಕ್ಕೆ ಬೀಳುವುದು, ಹಿಂದಕ್ಕೆ ಬೀಳುವುದು. ಪೆಟ್ಟಾಗದ ಹಾಗೆ ಬೀಳಬೇಕಾದರೆ ಏನು ಮಾಡಬೇಕು? ಮಂಡಿ ಬಗ್ಗಬೇಕು, ಆಳವಾಗಿ, ಕೊನೆಯವರೆಗೂ. ನೆಲ ಶತ್ರು ಅನ್ನುವ ಭಾವನೆ ನನ್ನಿಂದ ಹೋದದ್ದು ಆ ವಾರಗಳಲ್ಲಿ.

ಜಾಝ್ ಟೀಚರಿಗೆ ಕಥೆ ಹೇಳುವುದು ಇಷ್ಟ. ನಾನು ಗೋಡೆ ಪಕ್ಕ ಮಂಕಾಗಿ ಕೂತಿದ್ದಾಗ ಬಂದು ಲುಯಿಜಿ ಎಂಬ ಹೆಸರಿನಿಂದ ಖ್ಯಾತರಾದ ನೃತ್ಯಗುರುವಿನ ಬಗ್ಗೆ ಹೇಳಿದರು. 1946ರ ಕಾರು ಅಪಘಾತದಲ್ಲಿ ಅವರ ಮೈಯ ಒಂದು ಕಡೆ ಸ್ವಾಧೀನ ತಪ್ಪಿತ್ತು. ಮತ್ತೆ ನಡೆಯಲು, ಕುಣಿಯಲು ತಮಗೆ ತಾವೇ ವ್ಯಾಯಾಮ ಕಟ್ಟಿಕೊಂಡರು. ಮುಂದೆ ಅದೇ ಒಂದು ಜಾಝ್ ಪದ್ಧತಿಯಾಯಿತು. ಕಂಬಿ ಇಲ್ಲದ ಕಡೆಯೂ ಇದೆ ಅಂದುಕೊಂಡು ಗಾಳಿಯನ್ನೇ ಕೈಯಿಂದ ಕೆಳಕ್ಕೆ ಒತ್ತಿ ನಿಲ್ಲುವುದು ಅವರ ಪಾಠದ ಜೀವಾಳ. ಆವತ್ತು ನಾನು ಹಾಗೆ ಗಾಳಿ ಒತ್ತಿ ನಿಂತೆ. ನಿಜವಾಗಿಯೂ ಮೈ ಸ್ಥಿರವಾಯಿತು.

ಆಫ್ರಿಕಾ ಮೂಲದ ಅಮೆರಿಕನ್ನರ ತಾಳದಿಂದ, ಅವರ ಕುಣಿತದಿಂದ ಹುಟ್ಟಿದ್ದು ಜಾಝ್. ಭುಜ, ಪಕ್ಕೆಗೂಡು, ಸೊಂಟ ಒಂದೊಂದೇ ಅಲುಗಬೇಕು, ಉಳಿದದ್ದು ಸುಮ್ಮನಿರಬೇಕು. ಅದಕ್ಕೆ ಐಸೊಲೇಶನ್ ಅನ್ನುತ್ತಾರೆ. ಎಂಟರ ಎಣಿಕೆಯಲ್ಲಿ ಪೆಟ್ಟು ಅಂಕಿಯ ಮೇಲೂ ಬೀಳಬಹುದು, ಎರಡು ಅಂಕಿಗಳ ನಡುವೆಯೂ ಬೀಳಬಹುದು. ಮಂಡಿ ಯಾವಾಗಲೂ ಸ್ವಲ್ಪ ಬಗ್ಗಿರಬೇಕು. ಆ ನಿಲುವು ನನಗೆ ಎಲ್ಲೋ ನೋಡಿದ ಹಾಗೆ ಅನ್ನಿಸುತ್ತಿತ್ತು. ವೇದಿಕೆಯ ಜಾಝ್‌ಗೆ ರೂಪ ಕೊಟ್ಟ ಜಾಕ್ ಕೋಲ್ ಭರತನಾಟ್ಯ ಕಲಿತಿದ್ದರು, ಅದರ ಹೆಜ್ಜೆಗಳನ್ನು ಸ್ವಿಂಗ್ ಸಂಗೀತಕ್ಕೆ ಹೊಂದಿಸಿದ್ದರು ಅಂತ ಟೀಚರ್ ಹೇಳಿದಾಗ ನನಗೆ ಥಟ್ಟನೆ ಹೊಳೆಯಿತು. ಭರತನಾಟ್ಯದಲ್ಲಿ ಮಂಡಿ ಅರ್ಧ ಬಗ್ಗಿಸಿ ನಿಲ್ಲುವ ಅರಮಂಡಿ! ಅವತ್ತು ನೋಟ್‌ಬುಕ್ಕಿನಲ್ಲಿ ಆ ಒಂದೇ ಪದ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಏಳನೇ ವಾರ ಮತ್ತೆ ಬ್ಯಾಲೆಯ ನೆಗೆತಕ್ಕೆ ನಿಂತೆ. ಮೊದಲಿನಷ್ಟು ಎತ್ತರ ಬರಲಿಲ್ಲ. ಟೀಚರ್ ಪಿಯಾನೊ ನಿಲ್ಲಿಸಿ, ಸಂಗೀತ ಇಲ್ಲದೆ, ನನ್ನೊಬ್ಬಳಿಂದಲೇ ಎಂಟು ಸಲ ಮಾಡಿಸಿದರು. ಯಾಕೆ ಅಂತ ನನಗೆ ಗೊತ್ತಿತ್ತು. ನಾನೂ ಕಿವಿಗೊಟ್ಟೆ. ನಾಲ್ಕನೆಯದರವರೆಗೆ ಸಣ್ಣ ಸದ್ದಿತ್ತು. ಆಮೇಲೆ ಹಲಗೆ ಕಿರುಗುಟ್ಟಿದ್ದು ಬಿಟ್ಟರೆ ಬೇರೇನೂ ಇಲ್ಲ.

ಪಾಯಿಂಟ್ ಶೂ, ರಿಬ್ಬನ್ ಹೊಲಿಗೆ, ಪಿರುವೆಟ್ ಸುತ್ತುವಾಗ ಕಣ್ಣು ಒಂದೇ ಕಡೆ ನೆಡುವ ಅಭ್ಯಾಸ, ಇವೆಲ್ಲದರ ಬಗ್ಗೆಯೂ ಬರೆಯಬಹುದಿತ್ತು. ಅವನ್ನು ನನ್ನ ಗೆಳತಿಯರು ಇನ್ನೂ ಚೆನ್ನಾಗಿ ಬರೆಯುತ್ತಾರೆ.

ಕೊನೆಯ ವರ್ಷದ ಪ್ರದರ್ಶನದಲ್ಲಿ ಮೂವರು ಟೀಚರೂ ಸೇರಿ ನಮಗೊಂದು ಹದಿನೈದು ನಿಮಿಷದ ನೃತ್ಯ ಕಟ್ಟಿಕೊಟ್ಟರು. ಪರದೆಯ ಪಕ್ಕ ಕತ್ತಲಲ್ಲಿ ಸಾಲಾಗಿ ನಿಂತಿದ್ದೆವು. ನನ್ನ ಕೈ ತಣ್ಣಗಾಗಿತ್ತು. ಬ್ಯಾಲೆ ಟೀಚರ್ ಸಾಲಿನುದ್ದಕ್ಕೂ ಬಂದು ಒಬ್ಬೊಬ್ಬರ ಬೆನ್ನು ಮುಟ್ಟಿ ಏನೋ ಒಂದು ಮಾತು ಹೇಳುತ್ತಿದ್ದರು. ನನಗೂ ಅದೇ ಹಳೆಯ ಮಾತು ಹೇಳುತ್ತಾರೆ ಅಂದುಕೊಂಡು ಕಾದೆ. ಅವರು ನನ್ನ ಹತ್ತಿರ ಬಂದು ನಿಂತರು, ಕೆಳಗೆ ನನ್ನ ಕಾಲು ನೋಡಿದರು.

“ಈಗ ನೋವಿಲ್ಲ ಅಲ್ವಾ?” ಅಂದರು.

ಇಲ್ಲ ಟೀಚರ್ ಅಂದೆ. ಅವರು ಮುಂದಿನವಳ ಹತ್ತಿರ ಹೋದರು. ಅಷ್ಟರಲ್ಲಿ ಪಿಯಾನೊ ಶುರುವಾಯಿತು.