ಹಂಚಿಕೆಯ ಹಲಗೆ: ಚಿಕ್ಕಮ್ಮನ ರಂಗೋಲಿಯವರೆಗೆ ಬಂದ ಕೆಲಸ

ವರ್ಚುವಲ್ ಲೋಕದ ಒಂದು ಕೋಣೆಯಲ್ಲಿ ನಾಲ್ಕಾರು ಜನ ಒಟ್ಟಿಗೆ ನಿಂತು ಬರೆಯಲು, ಚಿತ್ರ ಬಿಡಿಸಲು ಬರುವಂಥ ಹಲಗೆಯೊಂದನ್ನು ಕಟ್ಟುವ ನನ್ನ ಹವ್ಯಾಸದ ಕೆಲಸ ಕಳೆದ ಆರು ವಾರಗಳಲ್ಲಿ ಸಾಕಷ್ಟು ಮುಂದುವರಿದಿದೆ. ಬಸವನಗುಡಿಯ ನಮ್ಮ ಮನೆಯ ಹಳೆಯ ಡೆಸ್ಕ್‌ಟಾಪೇ ಸರ್ವರ್. ಮಲ್ಲೇಶ್ವರದ ಚಿಕ್ಕಮ್ಮ ಮತ್ತು ಮೈಸೂರಿನಲ್ಲಿ ಓದುತ್ತಿರುವ ಅಕ್ಕನ ಮಗಳು ಇಲ್ಲಿಯವರೆಗಿನ ಪರೀಕ್ಷಕರು.

ಈ ಕೆಲಸವನ್ನು ನಾನು ಮೊದಲು ಕೈಗೆತ್ತಿಕೊಂಡದ್ದು ಓಪನ್‌ಸಿಮ್ಯುಲೇಟರ್‌ನಲ್ಲಿ. 2003ರಲ್ಲಿ ಆರಂಭವಾದ ಸೆಕೆಂಡ್ ಲೈಫ್ ಎಂಬ ವರ್ಚುವಲ್ ಲೋಕದ ಮಾದರಿಯಲ್ಲಿ ನಮ್ಮದೇ ಲೋಕವನ್ನು ನಡೆಸಲು ಅನುವು ಮಾಡಿಕೊಡುವ ಮುಕ್ತ ತಂತ್ರಾಂಶ ಅದು. ಅಲ್ಲಿ ಗೆರೆ ಎಳೆಯುವ ಆಜ್ಞೆಗಳನ್ನು ಸ್ಕ್ರಿಪ್ಟಿನಿಂದ ಕೊಟ್ಟರೆ ಸರ್ವರ್ ಇಡೀ ಹಲಗೆಯನ್ನು ಹೊಸ ಚಿತ್ರವಾಗಿ ರಚಿಸಿ, ಜೆಪೆಗ್ 2000 ಎಂಬ ಕುಗ್ಗಿಸಿದ ಚಿತ್ರರೂಪಕ್ಕೆ ತಂದು, ಕೋಣೆಯಲ್ಲಿರುವ ಪ್ರತಿಯೊಬ್ಬರಿಗೂ ಕಳುಹಿಸುತ್ತದೆ. ಒಂದು ಫಲಕದ ಮೇಲೆ ಸೂಚನೆ ಬರೆದಿಡಲು ಇದು ಸಾಕಾದರೂ, ಕೈ ಆಡಿದಂತೆ ಗೆರೆ ಮೂಡಬೇಕಾದ ಕಡೆ ಸಾಲುವುದಿಲ್ಲ. ನಾನು ಅಡ್ಡಗೆರೆ ಎಳೆದು ಮುಗಿಸಿದ ಎಷ್ಟೋ ಹೊತ್ತಿನ ಮೇಲೆ ಅದು ಎದುರಿನವರಿಗೆ ಒಮ್ಮೆಲೇ ಕಾಣಿಸುತ್ತಿತ್ತು. ಹಲಗೆಯನ್ನು ಚಿತ್ರವೆಂದು ಭಾವಿಸುವುದೇ ತಪ್ಪು, ಅದು ಗೀಟುಗಳ ಪಟ್ಟಿ ಎಂದು ನನಗೆ ಮನವರಿಕೆಯಾದದ್ದು ಆಗಲೇ.

ಆದ್ದರಿಂದ ಈ ಬಾರಿ ಬ್ರೌಸರಿನಲ್ಲೇ ತೆರೆಯುವ ಲೋಕವನ್ನು, ಮೊಜಿಲ್ಲಾದವರು 2015ರಲ್ಲಿ ಹೊರತಂದ ಎ-ಫ್ರೇಮ್ ಎಂಬ ತಂತ್ರಾಂಶ ಬಳಸಿ ಕಟ್ಟುತ್ತಿದ್ದೇನೆ. ಪೆನ್ನು ಹಲಗೆಯನ್ನು ಮುಟ್ಟಿದ ಕ್ಷಣದಿಂದ ಎತ್ತುವವರೆಗಿನ ಚಲನೆ ಒಂದು ಗೀಟು. ಬರೆದವರ ಗುರುತು, ಕ್ರಮಸಂಖ್ಯೆ, ಬಣ್ಣ, ದಪ್ಪ ಮತ್ತು ಬಿಂದುಗಳ ಸಾಲು, ಇಷ್ಟನ್ನು ಮಾತ್ರ ವೆಬ್‌ಸಾಕೆಟ್ (ಬ್ರೌಸರ್ ಮತ್ತು ಸರ್ವರ್ ನಡುವೆ ಸದಾ ತೆರೆದಿರುವ ಸಂಪರ್ಕ) ಮೂಲಕ ಕಳುಹಿಸಿದರೆ, ಚಿತ್ರ ಬಿಡಿಸುವ ಹೊಣೆ ಆಯಾ ಯಂತ್ರದ್ದು. ಒಂದು ಬಿಂದುವಿಗೆ 4 ಬೈಟ್ ಸಾಕಾಗುತ್ತದೆ. ಇದಕ್ಕೆ ಪ್ರತಿಯಾಗಿ 2048×2048 ಅಳತೆಯ ಹಲಗೆಯ ಪೂರ್ಣ ಚಿತ್ರ 16 ಎಂಬಿ ತೂಗುತ್ತದೆ. ಇಷ್ಟನ್ನು ಸೆಕೆಂಡಿಗೆ 20 ಬಾರಿ ಗ್ರಾಫಿಕ್ಸ್ ಚಿಪ್ಪಿಗೆ ಏರಿಸಹೊರಟಾಗ ನನ್ನ ಫೋನು ಬಿಸಿಯಾಯಿತೇ ಹೊರತು ಗೆರೆ ಸರಾಗವಾಗಲಿಲ್ಲ. ಈಗ ಹಲಗೆಯನ್ನು 16 ಚೌಕಗಳಾಗಿ ಒಡೆದು, ಗೆರೆ ಹಾದುಹೋದ ಚೌಕವನ್ನಷ್ಟೇ ಏರಿಸುತ್ತಿದ್ದೇನೆ.

ಮೊದಲ ದಿನ ನಾನು ಬರೆದದ್ದೆಲ್ಲ ಕೆರೆಯ ನೀರಿನಲ್ಲಿ ಬಿದ್ದ ನೆರಳಿನಂತೆ ತಲೆಕೆಳಗಾಗಿ ಮೂಡಿತು. ಮೂರು ಆಯಾಮದ ಲೋಕ ಎತ್ತರವನ್ನು ಕೆಳಗಿನಿಂದ ಎಣಿಸುತ್ತದೆ, ಬ್ರೌಸರಿನಲ್ಲಿ ಚಿತ್ರ ಬಿಡಿಸುವ ಹಾಳೆಯಾದ ಕ್ಯಾನ್ವಾಸ್ ಮೇಲಿನಿಂದ ಎಣಿಸುತ್ತದೆ. ಒಂದು ವ್ಯವಕಲನದಿಂದ ಅದು ಸರಿಹೋಯಿತು.

ಟೈಪ್ ಮಾಡಿದ ಕನ್ನಡ ಅಷ್ಟು ಸುಲಭವಾಗಿ ದಾರಿಗೆ ಬರಲಿಲ್ಲ. ಎ-ಫ್ರೇಮಿನ ತಳಹದಿಯಾದ, ಮೂರು ಆಯಾಮದ ಚಿತ್ರ ಬಿಡಿಸುವ ತ್ರೀ.ಜೆಎಸ್‌ನಲ್ಲಿ ಅಕ್ಷರಗಳಿಗೆ ಘನರೂಪ ಕೊಡುವ ಸೌಲಭ್ಯ ಒಂದೊಂದು ಸಂಕೇತವನ್ನೂ ಬಿಡಿಬಿಡಿಯಾಗಿ ಎತ್ತಿ ಪಕ್ಕಪಕ್ಕದಲ್ಲಿ ನಿಲ್ಲಿಸುತ್ತದೆ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯುನಿಕೋಡಿನಲ್ಲಿ ‘ಕ್ಷ’ ಎಂಬುದು ಕ, ವಿರಾಮ (ಅರ್ಧಾಕ್ಷರದ ಚಿಹ್ನೆ) ಮತ್ತು ಷ ಎಂಬ ಮೂರು ಸಂಕೇತಗಳು. ಅವನ್ನು ಬೆಸೆದು ಒತ್ತಕ್ಷರ ಮಾಡುವ ಕೆಲಸ ಫಾಂಟಿನ ನಿಯಮಗಳನ್ನು ಓದಬಲ್ಲ ಇನ್ನೊಂದು ಪದರದ್ದು, ಮತ್ತು ಆ ಪದರ ಇಲ್ಲಿಲ್ಲ. ಹೀಗಾಗಿ ‘ಅಕ್ಷರ’ ಎಂದು ಟೈಪಿಸಿದರೆ ಷಕಾರ ಕಕಾರದ ಅಡಿಗೆ ಇಳಿಯದೆ ಪಕ್ಕದಲ್ಲೇ ನಿಂತಿತು, ‘ಸೂರ್ಯ’ದ ಅರ್ಕಾವೊತ್ತು ಮಾಯವಾಯಿತು. “ಏನೋ ಇದು, ಒತ್ತು ಕಲಿಯದ ಮಗು ಬರೆದ ಹಾಗಿದೆಯಲ್ಲೋ” ಎಂದರು ಚಿಕ್ಕಮ್ಮ. ಪರಿಹಾರವೆಂದರೆ ಬರಹವನ್ನು ಬ್ರೌಸರಿನ ಕ್ಯಾನ್ವಾಸಿನ ಮೇಲೆ ಬರೆಸಿ, ಆ ಕ್ಯಾನ್ವಾಸನ್ನೇ ಹಲಗೆಗೆ ಹೊದಿಸುವುದು. ಬ್ರೌಸರಿಗೆ ಒತ್ತಕ್ಷರಗಳನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನೋಟೋ ಸಾನ್ಸ್ ಕನ್ನಡ ಫಾಂಟು ಪೂರ್ತಿ ಇಳಿದ ನಂತರವೇ ಬರೆಸಬೇಕು. ಅವಸರ ಮಾಡಿದರೆ ಆ ಯಂತ್ರದಲ್ಲಿರುವ ಬೇರಾವುದೋ ಫಾಂಟಿನ ಅಕ್ಷರಗಳು ಅಚ್ಚಾಗಿ ಉಳಿಯುತ್ತವೆ.

ಇನ್ನು ರಂಗೋಲಿಯ ವಿಚಾರ. ಹಲಗೆ ಸಿದ್ಧವಾಗಿದೆ ಎಂದು ನಾನು ಹೇಳಿದಾಗ ಚಿಕ್ಕಮ್ಮ ಟ್ಯಾಬ್ಲೆಟ್ ಹಿಡಿದು 15ರಿಂದ 8ರವರೆಗಿನ ನಡುಚುಕ್ಕಿಯ ರಂಗೋಲಿ ಇಡಲು ಕುಳಿತರು. ನಡುವಿನ ಸಾಲಿನಲ್ಲಿ 15, ಅದರ ಮೇಲೆ ಕೆಳಗೆ ಒಂದೊಂದೇ ಕಡಿಮೆಯಾಗುತ್ತ 8ಕ್ಕೆ ನಿಲ್ಲುವ ಸಾಲುಗಳು, ಒಟ್ಟು 169 ಚುಕ್ಕಿ. ಅವರು ಬೆರಳಿನಿಂದ ಮುಟ್ಟುತ್ತಲೇ ಹೋದರು, ಹಲಗೆ ಖಾಲಿಯಾಗಿಯೇ ಇತ್ತು. ಸರ್ವರಿನ ಕಡತ ತೆರೆದು ನೋಡಿದರೆ ಅವರು ಮುಟ್ಟಿದ್ದೆಲ್ಲವೂ ತಪ್ಪದೆ ದಾಖಲಾಗಿತ್ತು. ಒಂದೇ ಬಿಂದುವಿರುವ ಗೀಟಿಗೆ ಉದ್ದವಿಲ್ಲದ ಕಾರಣ ಕ್ಯಾನ್ವಾಸ್ ಏನನ್ನೂ ಎಳೆಯುತ್ತಿರಲಿಲ್ಲ. ಅಂಥ ಗೀಟನ್ನು ತುಂಬಿದ ವೃತ್ತವಾಗಿ ಬಿಡಿಸುವಂತೆ ತಿದ್ದಿ ಪುಟವನ್ನು ಮತ್ತೆ ತೆರೆದಾಗ, ಅವರು ಕಾಣದೆ ಎರಡೆರಡು ಬಾರಿ ಇಟ್ಟ ಚುಕ್ಕಿಗಳೆಲ್ಲ ಚೆಲ್ಲಿದ ಸಾಸಿವೆಯಂತೆ ಪ್ರತ್ಯಕ್ಷವಾದವು.

ಮರುದಿನ 169 ಚುಕ್ಕಿಗಳೂ ಸಾಲಾಗಿ ಕುಳಿತವು. ಅವರಿಗೆ ಅನುಕೂಲವಾಗಲೆಂದು, ಗೆರೆಯ ತುದಿ ಹತ್ತಿರದ ಚುಕ್ಕಿಗೆ ತಾನಾಗಿ ಅಂಟಿಕೊಳ್ಳುವ ವ್ಯವಸ್ಥೆಯನ್ನು ನಾನು ರಾತ್ರಿಯೇ ಸೇರಿಸಿದ್ದೆ. ಆಗ ಇನ್ನೊಂದು ವಿಚಿತ್ರ ಕಾಣಿಸಿಕೊಂಡಿತು: ಚುಕ್ಕಿಯಿಂದ ಚುಕ್ಕಿಗೆ ಎಳೆದ ಗೆರೆ ನಿಲ್ಲುತ್ತಿತ್ತು, ಆದರೆ ಒಂದು ಚುಕ್ಕಿಯಿಂದ ಹೊರಟು ಎಸಳಿನಂತೆ ಬಳಸಿ ಅದೇ ಚುಕ್ಕಿಗೆ ಮರಳಿದ ಗೆರೆ, ಬೆರಳು ಎತ್ತಿದೊಡನೆ ಅಳಿಸಿಹೋಗುತ್ತಿತ್ತು. “ಮಾಮ, ಚಿಕ್ಕಜ್ಜಿ ಬರೆದ ಎಸಳು ನನಗೂ ಒಂದು ಕ್ಷಣ ಕಾಣಿಸಿ ಹೋಗುತ್ತಿದೆ” ಎಂದು ಮೈಸೂರಿನಿಂದ ಹುಡುಗಿ ಹೇಳಿದ್ದರಿಂದ ತಪ್ಪು ಚಿಕ್ಕಮ್ಮನ ಟ್ಯಾಬ್ಲೆಟ್ಟಿನದಲ್ಲ ಎಂದು ತಿಳಿಯಿತು.

ಗೀಟು ಮುಗಿದ ಮೇಲೆ ಅನಗತ್ಯ ಬಿಂದುಗಳನ್ನು ಕಳೆಯಲು, ಡಗ್ಲಸ್ ಮತ್ತು ಪ್ಯೂಕರ್ 1973ರಲ್ಲಿ ಭೂಪಟದ ಗೆರೆಗಳಿಗಾಗಿ ಪ್ರಕಟಿಸಿದ ವಿಧಾನವನ್ನು ಬಳಸಿದ್ದೇನೆ. ಅದು ಮೊದಲ ಮತ್ತು ಕೊನೆಯ ಬಿಂದುಗಳ ನಡುವೆ ನೇರಗೆರೆ ಎಳೆದು, ಅದರಿಂದ ಅತಿ ದೂರವಿರುವ ಬಿಂದುವನ್ನು ಉಳಿಸಿಕೊಂಡು, ಅಲ್ಲಿ ಗೆರೆಯನ್ನು ಎರಡಾಗಿ ಸೀಳಿ ಮುಂದುವರಿಯುತ್ತದೆ. ಎರಡು ತುದಿಗಳೂ ಒಂದೇ ಚುಕ್ಕಿಗೆ ಅಂಟಿಕೊಂಡಾಗ ಆ ನೇರಗೆರೆಯ ಉದ್ದ ಸೊನ್ನೆ. ನನ್ನ ಸೂತ್ರ ಸೊನ್ನೆಯಿಂದ ಭಾಗಿಸಿ ‘ಸಂಖ್ಯೆಯಲ್ಲ’ ಎಂಬ ಬೆಲೆಯನ್ನು ಕೊಡುತ್ತಿತ್ತು. ಜಾವಾಸ್ಕ್ರಿಪ್ಟಿನಲ್ಲಿ ಆ ಬೆಲೆ ಯಾವುದಕ್ಕಿಂತಲೂ ದೊಡ್ಡದಲ್ಲವಾದ್ದರಿಂದ ಒಂದು ಬಿಂದುವೂ ಉಳಿಯದೆ ಇಡೀ ಎಸಳು ಕುಸಿಯುತ್ತಿತ್ತು. ಕೈಯಿಂದ ಎಳೆದ ಗೆರೆಯ ತುದಿಗಳು ಕರಾರುವಾಕ್ಕಾಗಿ ಕೂಡುವುದು ಅಪರೂಪವಾದ್ದರಿಂದ ಇಷ್ಟು ವಾರ ಇದು ಅಡಗಿಯೇ ಇತ್ತು. ನಾನು ಉಪಕಾರವೆಂದು ಸೇರಿಸಿದ ಅಂಟು ಅದನ್ನು ಹೊರಗೆಳೆಯಿತು. ತುದಿಗಳು ಒಂದೇ ಆಗಿದ್ದರೆ ನೇರಗೆರೆಯ ಬದಲು ಆ ಬಿಂದುವಿನಿಂದಲೇ ದೂರವನ್ನು ಅಳೆಯುವಂತೆ ಈಗ ಮಾಡಿದ್ದೇನೆ.

ನಡುವೆ ಒಂದು ಸಂಜೆ ಮಳೆ ಬಂದು ನಮ್ಮ ಬೀದಿಯಲ್ಲಿ ಕರೆಂಟ್ ಹೋಯಿತು. ಸರ್ವರ್ ಮತ್ತೆ ಎದ್ದಾಗ, ಪ್ರತಿ ಗೀಟನ್ನೂ ಬಂದೊಡನೆ ಕಡತದ ಕೊನೆಗೆ ಸೇರಿಸುತ್ತಿದ್ದುದರಿಂದ ಹಲಗೆ ಹಾಗೆಯೇ ಇತ್ತು. ಅಳಿಸುವುದನ್ನೂ ನಾನು ಸೇರ್ಪಡೆಯಾಗಿಯೇ ಬರೆಯುತ್ತೇನೆ. ಇಂಥವರ ಇಂಥ ಕ್ರಮಸಂಖ್ಯೆಯ ಗೀಟು ಅಳಿದಿದೆ ಎಂಬ ಒಂದು ಸಾಲು, ಅಷ್ಟೇ. ಇಬ್ಬರು ಏಕಕಾಲಕ್ಕೆ ಒಂದೇ ಗೀಟಿನ ಮೇಲೆ ಡಸ್ಟರ್ ಆಡಿಸಿದರೂ ಫಲ ಒಂದೇ. ಹಿಂದಕ್ಕೆ ಹೋಗುವ ಗುಂಡಿ ಮಾತ್ರ ಅವರವರ ಗೀಟಿಗಷ್ಟೇ ಅನ್ವಯಿಸುತ್ತದೆ. ಇನ್ನೊಬ್ಬರ ಗೆರೆಯನ್ನು ಹಿಂದೆಗೆಯುವ ಅಧಿಕಾರ ಯಾರಿಗೂ ಇರಬಾರದು ಎಂಬುದು ನನ್ನ ಹಟ.

ರಂಗೋಲಿ ಪೂರ್ಣಗೊಂಡು ಹಲಗೆಯ ಮೇಲಿದೆ. “ಬಣ್ಣ ತುಂಬುವುದು ಯಾವಾಗಲೋ?” ಎಂದು ಚಿಕ್ಕಮ್ಮ ಕೇಳುತ್ತಿದ್ದಾರೆ. ನನ್ನ ಪಟ್ಟಿಯ ಸಿದ್ಧಾಂತಕ್ಕೆ ಇದೊಂದೇ ಪ್ರಶ್ನೆ ಜಗ್ಗುತ್ತಿಲ್ಲ. ‘ಈ ಜಾಗದಲ್ಲಿ ಬಣ್ಣ ಸುರಿ’ ಎಂಬ ಆಜ್ಞೆಯನ್ನು ಕಳುಹಿಸಿದರೆ, ಗೆರೆಯ ಅಂಚಿನ ಪಿಕ್ಸೆಲ್‌ಗಳು ಯಂತ್ರದಿಂದ ಯಂತ್ರಕ್ಕೆ ತುಸು ಬೇರೆಯಾಗುವುದರಿಂದ, ಮಲ್ಲೇಶ್ವರದಲ್ಲಿ ಎಸಳಿನೊಳಗೆ ನಿಂತ ಕುಂಕುಮದ ಬಣ್ಣ ಮೈಸೂರಿನಲ್ಲಿ ಸಣ್ಣ ಸಂದಿಯಿಂದ ಸೋರಿ ಹಲಗೆಯನ್ನೆಲ್ಲ ಆವರಿಸಬಹುದು. ಬಣ್ಣ ಸುರಿದವರ ಯಂತ್ರದಲ್ಲೇ ಅದರ ಅಂಚನ್ನು ಗುರುತಿಸಿ, ಆ ಅಂಚನ್ನು ಮುಚ್ಚಿದ ಗೀಟಾಗಿ ಎಲ್ಲರಿಗೂ ಕಳುಹಿಸುವ ಪ್ರಯತ್ನ ಈ ವಾರ ನಡೆದಿದೆ. ಮೊದಲ ಎಸಳು ನಿನ್ನೆ ರಾತ್ರಿ ಎರಡೂ ಊರುಗಳಲ್ಲಿ ಒಂದೇ ಆಕಾರದಲ್ಲಿ ತುಂಬಿತು. ಆದರೆ ಬಣ್ಣ ಗೆರೆಯ ಮೇಲೆ ಕುಳಿತು ಚುಕ್ಕಿಯನ್ನೇ ಮುಚ್ಚಿಬಿಟ್ಟಿದೆ.