ಆರು ಗಂಟೆಯಾಯ್ತು, ಯಾರೂ ಬರಲಿಲ್ಲ

2023ರ ಆಗಸ್ಟ್ 1, ಮಂಗಳವಾರ. ಅವತ್ತು ಮನೆಯಿಂದಲೇ ಕೆಲಸ. ಮಧ್ಯಾಹ್ನದ ಮೀಟಿಂಗ್‌ನಲ್ಲಿ ಯಾರೋ ಏನೋ ಹೇಳುತ್ತಿದ್ದರು. ನಾನು ಕ್ಯಾಮೆರಾ ಆಫ್ ಮಾಡಿ ಮೊಬೈಲ್ ಉಜ್ಜುತ್ತಾ ಕೂತಿದ್ದೆ. ಸಂಜೆ ಆರಕ್ಕೆ ಇಲ್ಲಿ ಅಮೆರಿಕದ ಬೇಸ್‌ಬಾಲ್‌ನ ಟ್ರೇಡ್ ಡೆಡ್‌ಲೈನ್. ಅದು ದಾಟಿದರೆ ಸೀಸನ್ ಮುಗಿಯುವವರೆಗೂ ತಂಡಗಳು ಆಟಗಾರರನ್ನು ಅದಲು ಬದಲು ಮಾಡಿಕೊಳ್ಳುವ ಹಾಗಿಲ್ಲ.

ಬೇಸಿಗೆ ಕಳೆಯೋಣ ಅಂತ ಮೈಸೂರಿನಿಂದ ಬಂದಿದ್ದ ಅಪ್ಪ ಕಾಫಿ ಲೋಟ ಹಿಡಿದು ಪಕ್ಕದಲ್ಲಿ ಕೂತರು.

"ಏನೇ ಅದು, ಆಗ್ಲಿಂದ ನೋಡ್ತಾನೇ ಇದ್ದೀಯ?"

"ನಮ್ಮ ಬಾಸ್ಟನ್ ರೆಡ್ ಸಾಕ್ಸ್ ತಂಡದವರು ಯಾರನ್ನ ತಗೋತಾರೆ ಅಂತ ಅಪ್ಪಾ. ಆರರೊಳಗೆ ಮುಗೀಬೇಕು."

"ಸೀಸನ್ ಮಧ್ಯದಲ್ಲಿ ಎತ್ತಿ ಬೇರೆ ಊರಿಗೆ ಹಾಕ್ತಾರಾ? ಅವರನ್ನ ಒಂದು ಮಾತು ಕೇಳಲ್ವಾ?"

"ಜಾಸ್ತಿ ಜನರನ್ನ ಕೇಳಲ್ಲ."

"ಹಾಗಾದ್ರೆ ಟ್ರಾನ್ಸ್‌ಫರ್ ಆರ್ಡರ್ ಅನ್ನು."

ಅಪ್ಪ ಬ್ಯಾಂಕಿನಲ್ಲಿದ್ದವರು. ದಾವಣಗೆರೆ, ಬೀದರ್, ಪುತ್ತೂರು ಅಂತ ಸುತ್ತಿದವರು. ಅವರಿಗೆ ಕ್ರಿಶ್ಚಿಯನ್ ವಾಸ್ಕೆಸ್ ಕತೆ ಹೇಳಿದೆ. ಹಿಂದಿನ ವರ್ಷ ಅದೇ ದಿನ ರೆಡ್ ಸಾಕ್ಸ್ ತಂಡ ಹೂಸ್ಟನ್‌ನಲ್ಲಿತ್ತು. ಮ್ಯಾಚ್‌ಗೆ ಮುಂಚೆ ಎಲ್ಲರೂ ಬ್ಯಾಟಿಂಗ್ ಅಭ್ಯಾಸದಲ್ಲಿದ್ದಾಗ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಇದ್ದಂತೆ) ವಾಸ್ಕೆಸ್‌ಗೆ ಸುದ್ದಿ ಬಂತು: ನಿನ್ನನ್ನು ಟ್ರೇಡ್ ಮಾಡಿದ್ದೇವೆ. ಯಾವ ತಂಡಕ್ಕೆ? ಅವತ್ತು ಎದುರಾಳಿಯಾಗಿದ್ದ ಆಸ್ಟ್ರೋಸ್‌ಗೇ. 2008ರಿಂದ ಬಾಸ್ಟನ್ ಜೊತೆಗಿದ್ದ ಮನುಷ್ಯ ಅದೇ ಸ್ಟೇಡಿಯಮ್ಮಿನ ಇನ್ನೊಂದು ಡ್ರೆಸ್ಸಿಂಗ್ ರೂಮಿಗೆ ನಡೆದುಕೊಂಡು ಹೋದ. ಮೂರು ತಿಂಗಳ ನಂತರ ವರ್ಲ್ಡ್ ಸೀರೀಸ್ ಅನ್ನೋ ಫೈನಲ್ ಸರಣಿಯಲ್ಲಿ ಆಸ್ಟ್ರೋಸ್ ಪಿಚರ್‌ಗಳು (ಚೆಂಡು ಎಸೆಯುವವರು) ಎದುರಾಳಿಗೆ ಒಂದೂ ಹಿಟ್, ಅಂದರೆ ಬ್ಯಾಟರ್ ಬೇಸ್ ಮುಟ್ಟುವಂಥ ಹೊಡೆತ, ಕೊಡದ ಪಂದ್ಯದಲ್ಲಿ ಕ್ಯಾಚರ್ ಆಗಿದ್ದವನು ಅವನೇ. ಆ ಸಲ ಕಪ್ಪೂ ಅವರದೇ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮಗಾದ್ರೂ ಜಾಯ್ನಿಂಗ್ ಟೈಮ್ ಅಂತ ಕೊಡೋರಪ್ಪ" ಅಂದರು.

ಬೇಸ್‌ಬಾಲ್ ಹುಚ್ಚು ನನಗೆ ಹೇಗೆ ಹತ್ತಿತು ಅಂತ ಕೇಳಿದರೆ ಸರಿಯಾದ ಉತ್ತರ ಇಲ್ಲ. 2013ರಲ್ಲಿ ಬಾಸ್ಟನ್ ಹತ್ತಿರದ ಫ್ರೇಮಿಂಗ್‌ಹ್ಯಾಮ್‌ಗೆ ಬಂದೆ, ಆ ವರ್ಷವೇ ರೆಡ್ ಸಾಕ್ಸ್ ಕಪ್ ಗೆದ್ದರು, ಅಷ್ಟು ಸಾಕಾಯಿತು. ಮನೆ ಹತ್ತಿರ ರೈಲು ಹತ್ತಿ ಲ್ಯಾನ್ಸ್‌ಡೌನ್‌ನಲ್ಲಿ ಇಳಿದರೆ ಅವರ ಮೈದಾನ ಫೆನ್‌ವೇ ಪಾರ್ಕ್ ಪಕ್ಕದಲ್ಲೇ. ಒಂದು ಸೀಸನ್‌ಗೆ 162 ಪಂದ್ಯ. ಹೆಚ್ಚುಕಮ್ಮಿ ದಿನಾ ಸಂಜೆ ಆಟ. ಚಪಾತಿ ಲಟ್ಟಿಸುವಾಗ ಅಡುಗೆಮನೆಯಲ್ಲಿ ರೇಡಿಯೋ ಕಾಮೆಂಟರಿ ಓಡುತ್ತಿರುತ್ತದೆ. ಆರು ತಿಂಗಳು ಹೀಗೆ ಒಂದೇ ಮನೆಯಲ್ಲಿದ್ದ ಮೇಲೆ ಅವರ ನೋವು ನಮ್ಮ ನೋವಾಗುತ್ತೆ, ಬೇಡ ಅಂದರೂ.

2023ರ ನೋವು ಪಿಚಿಂಗ್, ಎಸೆಯಲು ಜನವೇ ಸಾಲದು. ಕ್ರಿಸ್ ಸೇಲ್‌ಗೆ ಭುಜದ ತೊಂದರೆ. ಗ್ಯಾರೆಟ್ ವಿಟ್‌ಲಾಕ್ ಕೂಡ ಹೊರಗೆ. ಟ್ಯಾನರ್ ಹೌಕ್‌ಗೆ ಜೂನ್‌ನಲ್ಲಿ ಹೊಡೆದ ಚೆಂಡು ನೇರ ಮುಖಕ್ಕೇ ಬಿದ್ದಿತ್ತು. ಉಳಿದವರು ಬೆಲ್ಲೊ, ಕ್ರಾಫರ್ಡ್, ಪ್ಯಾಕ್ಸ್‌ಟನ್. ಐದು ಜನ ಸರದಿಯಲ್ಲಿ ಪಂದ್ಯ ಶುರು ಮಾಡಬೇಕಾದ ಜಾಗದಲ್ಲಿ ಮೂವರು. ಮಿಕ್ಕ ದಿನ ಆಟದ ನಡುವೆ ಬದಲಿಯಾಗಿ ಬಂದು ಎಸೆಯುವ ಬುಲ್‌ಪೆನ್ ಹುಡುಗರೇ ಒಬ್ಬರಾದ ಮೇಲೆ ಒಬ್ಬರು ಬಂದು ಒಂಬತ್ತು ಇನಿಂಗ್ಸ್ ತಳ್ಳಬೇಕು. ಹೀಗೆಲ್ಲ ಇದ್ದೂ ಜುಲೈ ಚೆನ್ನಾಗಿ ಹೋಗಿತ್ತು. ಟ್ರಿಸ್ಟನ್ ಕಾಸಸ್ ಅನ್ನೋ ಹೊಸ ಹುಡುಗ ಮನಬಂದಂತೆ ಬಾರಿಸುತ್ತಿದ್ದ. ಸೀಸನ್ ಕೊನೆಯ ನಾಕೌಟ್ ಸುತ್ತಾದ ಪ್ಲೇಆಫ್‌ನಲ್ಲಿ, ಗುಂಪಿನಲ್ಲಿ ಮೊದಲಾಗದವರಿಗೂ ಸಿಗುವ ಕೊನೇ ವೈಲ್ಡ್ ಕಾರ್ಡ್ ಜಾಗಕ್ಕೆ ಎರಡು ಮೂರು ಪಂದ್ಯದಷ್ಟೇ ದೂರ.

ನಾನೇನು ದೊಡ್ಡ ಸ್ಟಾರ್ ಕೇಳಿದ್ದೆನಾ? ಐದು ಇನಿಂಗ್ಸ್ ಗಟ್ಟಿಯಾಗಿ ನಿಲ್ಲುವ ಒಬ್ಬ ಪಿಚರ್, ಅಷ್ಟೆ. ಈ ತಂಡದ ಚರಿತ್ರೆ ನೋಡಿದರೆ ಡೆಡ್‌ಲೈನ್ ಹೊತ್ತಿನಲ್ಲಿ ಕೈ ಹಿಡಿದವರು ಇಂಥವರೇ. 2004ರ ಜುಲೈ 31ರಂದು ಊರಿನ ಕಣ್ಮಣಿ ನೋಮಾರ್ ಗಾರ್ಸಿಯಾಪಾರನನ್ನೇ ಕಳಿಸಿಬಿಟ್ಟರು. ಜನ ಕಂಗಾಲು. ಅದೇ ದಿನ ಬೇರೊಂದು ಟ್ರೇಡ್‌ನಲ್ಲಿ ಡೇವ್ ರಾಬರ್ಟ್ಸ್ ಅನ್ನೋನು ಬಂದ. ಹೆಚ್ಚಾಗಿ ಬೆಂಚಿನ ಮೇಲೇ ಕೂರುತ್ತಿದ್ದ ಆಟಗಾರ, ಓಡುವುದೇ ಅವನ ಬಂಡವಾಳ. ಅಕ್ಟೋಬರ್‌ನಲ್ಲಿ ಯಾಂಕೀಸ್ ಎದುರು ಮೂರು ಪಂದ್ಯ ಸೋತು ಮನೆಗೆ ಹೊರಟಿದ್ದಾಗ, ಒಂಬತ್ತನೇ ಇನಿಂಗ್ಸ್‌ನಲ್ಲಿ ಅವನು ಎರಡನೇ ಬೇಸ್ ಕದ್ದ, ಅಂದರೆ ಪಿಚರ್ ಎಸೆಯುವ ಹೊತ್ತಿಗೆ ಮೊದಲ ಬೇಸ್‌ನಿಂದ ಓಡಿ ಎರಡನೆಯದನ್ನು ಮುಟ್ಟಿದ. ಸ್ಟೇಡಿಯಮ್ಮಿನಲ್ಲಿದ್ದ ಪ್ರತಿಯೊಬ್ಬರಿಗೂ ಅವನು ಓಡುತ್ತಾನೆ ಅಂತ ಗೊತ್ತಿತ್ತು, ಪಿಚರ್ ರಿವೇರಾಗೂ ಗೊತ್ತಿತ್ತು. ಆದರೂ ಓಡಿ ಗೆದ್ದ. ಅಲ್ಲಿಂದ ಸರಣಿ ತಿರುಗಿತು, ಕಪ್ ಇಲ್ಲದ 86 ವರ್ಷದ ಬರ ಹೋಯಿತು. 2018ರಲ್ಲಿ ಸ್ಟೀವ್ ಪಿಯರ್ಸ್ ಮತ್ತು ನೇಥನ್ ಇಯೋವಾಲ್ಡಿ ಬಂದಾಗಲೂ ಯಾರೂ ಪಟಾಕಿ ಹಚ್ಚಲಿಲ್ಲ. ಪಿಯರ್ಸ್ ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರ ಅನಿಸಿಕೊಂಡ.

ಅಪ್ಪ ಆರ್‌ಸಿಬಿ ಅಭಿಮಾನಿ. ಆ ಹೊತ್ತಿಗೆ ಅವರ ತಂಡ ಇನ್ನೂ ಕಪ್ ನೋಡಿರಲಿಲ್ಲ. "2011ರಲ್ಲಿ ನ್ಯಾನೆಸ್ ಗಾಯ ಮಾಡ್ಕೊಂಡಾಗ ಗೇಲ್ ಬಂದ್ನಲ್ಲ, ಆ ಥರ" ಅಂದರು. ಹೌದು, ಹರಾಜಿನಲ್ಲಿ ಯಾರಿಗೂ ಬೇಡವಾಗಿದ್ದ ಗೇಲ್. ಬಂದ ಮೊದಲ ಪಂದ್ಯದಲ್ಲೇ ತನ್ನ ಹಳೇ ತಂಡ ಕೋಲ್ಕತ್ತಾ ಮೇಲೆ ಸೆಂಚುರಿ, ಕೊನೆಗೆ ಫೈನಲ್‌ವರೆಗೆ ಎಳೆದುಕೊಂಡು ಹೋದ. ಐಪಿಎಲ್‌ನಲ್ಲಿ ಅದು ಅದೃಷ್ಟ. ಇಲ್ಲಿ ಅದಕ್ಕಂತಲೇ ಒಂದು ದಿನ ಗೊತ್ತುಮಾಡಿ ಇಟ್ಟಿದ್ದಾರೆ. ಅಂಥ ದಿನ ಕೈಕಟ್ಟಿ ಕೂತರೆ ಸಿಟ್ಟು ಬರಲ್ವಾ?

ಬೇರೆಯವರು ಕೂತಿರಲಿಲ್ಲ. ಟೆಕ್ಸಸ್ ರೇಂಜರ್ಸ್ ಆಗಲೇ ಷರ್ಜರ್ ಮತ್ತು ಜೋರ್ಡನ್ ಮಾಂಟ್‌ಗೊಮರಿ ಅನ್ನೋ ಪಿಚರ್‌ಗಳನ್ನು ಸೇರಿಸಿಕೊಂಡಿತ್ತು. ಆಸ್ಟ್ರೋಸ್ ತನ್ನ ಹಳೇ ಪಿಚರ್ ವರ್ಲ್ಯಾಂಡರ್‌ನನ್ನು ವಾಪಸ್ ಕರೆಸಿಕೊಂಡಿತು. ನಮ್ಮ ಗುಂಪಿನ ಓರಿಯೋಲ್ಸ್ ಕೂಡ ಒಬ್ಬ ಪಿಚರ್ ತಂದರು. ನಮಗೆ ಬಂದಿದ್ದು ಲೂಯಿಸ್ ಉರಿಯಾಸ್. ಪಿಚರ್ ಅಲ್ಲ, ಬೇಸ್‌ಗಳ ಹತ್ತಿರ ಫೀಲ್ಡಿಂಗ್ ಮಾಡುವ ಇನ್‌ಫೀಲ್ಡರ್. ಆ ವರ್ಷ ಬ್ಯಾಟಿಂಗ್ ಕೈಕೊಟ್ಟು ಕೆಳಗಿನ ಲೀಗ್‌ನಲ್ಲಿ ಆಡುತ್ತಿದ್ದವನು. ನಾನು ಇನ್ನೇನೋ ಇದ್ದೇ ಇರುತ್ತೆ ಅಂತ ಕಾದೆ. ಕೆಲವು ಸಲ ಆರಕ್ಕೆ ಮುಂಚೆ ಆದ ಟ್ರೇಡ್ ಆರರ ಮೇಲೆ ಗೊತ್ತಾಗುತ್ತೆ. ಆರೂಕಾಲಾಯಿತು, ಆರೂವರೆಯಾಯಿತು. ಅಪ್ಪ ವಾಕಿಂಗ್ ಶೂ ಹಾಕಿಕೊಂಡು ಹೊರಟರು.

ಮಾರಿದ್ದರೂ ನನಗೆ ಅರ್ಥವಾಗುತ್ತಿತ್ತು. ಈ ವರ್ಷ ಆಗಲ್ಲ ಅಂತ ಒಪ್ಪಿಕೊಂಡು, ಕಾಂಟ್ರಾಕ್ಟ್ ಮುಗಿಯುತ್ತಿರುವ ಪ್ಯಾಕ್ಸ್‌ಟನ್‌ನಂಥವರನ್ನು ಕೊಟ್ಟು, ಒಳ್ಳೇ ಎಳೇ ಹುಡುಗರನ್ನು ತರಬಹುದಿತ್ತು. ಅದೂ ಇಲ್ಲ, ಇದೂ ಇಲ್ಲ. ಗಾಯಾಳುಗಳು ವಾಪಸ್ ಬಂದರೆ ಅದೇ ಹೊಸ ಬಲ ಅನ್ನುವ ಲೆಕ್ಕ. ಲೆಕ್ಕ ಪೂರ್ತಿ ಸುಳ್ಳಲ್ಲ, ಆಗಸ್ಟ್‌ನಲ್ಲಿ ಸೇಲ್ ಬಂದ, ಹೌಕ್ ಬಂದ. ಎಳೇ ಹುಡುಗರನ್ನು ಕೊಟ್ಟು ಎರಡು ತಿಂಗಳ ಪಿಚರ್ ತರುವುದು ದುಬಾರಿ ಅನ್ನುವುದೂ ನಿಜವೇ. ಆದರೆ ಮೈದಾನದಲ್ಲಿರುವವರಿಗೆ ಅದು ಏನು ಹೇಳುತ್ತೆ? ಜುಲೈ ಪೂರ್ತಿ ಬೆವರು ಸುರಿಸಿ ಬಾಗಿಲವರೆಗೆ ಬಂದಿದ್ದೀರಿ, ಒಳಗೆ ಹೋಗುವುದು ಬಿಡುವುದು ನಿಮಗೆ ಬಿಟ್ಟಿದ್ದು ಅಂತ ಅಲ್ವಾ?

ಅದೇ ವಾರ ಟೊರಾಂಟೊ ತಂಡ ಫೆನ್‌ವೇಗೆ ಬಂತು. ವೈಲ್ಡ್ ಕಾರ್ಡ್ ಜಾಗಕ್ಕೆ ನಮ್ಮ ನೇರ ಪೈಪೋಟಿ ಅವರೊಂದಿಗೇ. ಮೂರಕ್ಕೆ ಮೂರೂ ಸೋತೆವು. ಉರಿಯಾಸ್ ಬಗ್ಗೆ ನ್ಯಾಯವಾಗಿ ಒಂದು ಮಾತು ಹೇಳಲೇಬೇಕು: ಆಗಸ್ಟ್ ನಡುವೆ, ಪಂದ್ಯ ಬದಲಾದರೂ, ಬ್ಯಾಟ್ ಹಿಡಿದ ಬೆನ್ನುಬೆನ್ನಿನ ಎರಡು ಸರದಿಯಲ್ಲಿ ಎರಡು ಗ್ರ್ಯಾಂಡ್ ಸ್ಲ್ಯಾಮ್ (ಮೂರೂ ಬೇಸ್ ತುಂಬಿದ್ದಾಗಿನ ಹೋಮ್ ರನ್, ಒಂದೇ ಏಟಿಗೆ ನಾಲ್ಕು ರನ್) ಹೊಡೆದ. ರೇಡಿಯೋ ಮುಂದೆ ನಾನು ಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟಿದೆ. ಸೀಸನ್ ಮುಗಿದಾಗ 78 ಗೆಲುವು, 84 ಸೋಲು, ಗುಂಪಿನಲ್ಲಿ ಕೊನೇ ಜಾಗ. ಅಷ್ಟರೊಳಗೆ, ಸೆಪ್ಟೆಂಬರ್‌ನಲ್ಲೇ, ತಂಡ ಕಟ್ಟುವ ಹೊಣೆ ಹೊತ್ತಿದ್ದ ಮುಖ್ಯಸ್ಥರನ್ನು ಮನೆಗೆ ಕಳಿಸಿದ್ದರು. ಕಪ್ ಗೆದ್ದಿದ್ದು ರೇಂಜರ್ಸ್. ಮಾಂಟ್‌ಗೊಮರಿ ಪ್ಲೇಆಫ್‌ನಲ್ಲಿ ಚೆನ್ನಾಗಿಯೇ ಎಸೆದ. ಆ ಪಂದ್ಯಗಳನ್ನು ನಾನು ಹಲ್ಲು ಕಚ್ಚಿಕೊಂಡು ನೋಡಿದೆ.

ನನ್ನ ಆಫೀಸಿನಲ್ಲಿ ಏಂಜಲ್ಸ್ ತಂಡದ ಅಭಿಮಾನಿ ಒಬ್ಬನಿದ್ದಾನೆ, ಕ್ಯಾಲಿಫೋರ್ನಿಯಾದವನು. ಅವನ ತಂಡ ಆ ವರ್ಷ ನಮ್ಮದಕ್ಕೆ ಪೂರ್ತಿ ಉಲ್ಟಾ ಮಾಡಿತ್ತು. ಚೆಂಡೂ ಎಸೆಯುವ, ಬ್ಯಾಟೂ ಬೀಸುವ ಸ್ಟಾರ್ ಒಟಾನಿಯನ್ನು ಉಳಿಸಿಕೊಂಡು, ಎಳೇ ಹುಡುಗರನ್ನು ಕೊಟ್ಟು ಪಿಚರ್ ಜಿಯೋಲಿಟೊನನ್ನು ತಂದಿತು. ಮರುದಿನವೇ ಒಟಾನಿ ಡಿಟ್ರಾಯಿಟ್‌ನಲ್ಲಿ ಒಂದು ಪಂದ್ಯದಲ್ಲಿ ಒಂದೇ ಹಿಟ್ ಕೊಟ್ಟು ಇಡೀ ಆಟ ಮುಗಿಸಿ, ಅವತ್ತಿನ ಎರಡನೇ ಪಂದ್ಯದಲ್ಲಿ ಎರಡು ಹೋಮ್ ರನ್ ಹೊಡೆದ. ಆಗಸ್ಟ್ ಶುರುವಾಗುತ್ತಿದ್ದಂತೆ ಸೋಲಿನ ಮೇಲೆ ಸೋಲು, ತಿಂಗಳ ಕೊನೆಗೆ ಜಿಯೋಲಿಟೊನನ್ನು ಯಾರು ಬೇಕಾದರೂ ತಗೊಳ್ಳಿ ಅಂತ ಬಿಟ್ಟುಕೊಟ್ಟರು. ನೋಡು, ತಗೊಂಡರೂ ಇಷ್ಟೇ ಅಂತ ಅವನಿಗೆ ಸಮಾಧಾನ ಹೇಳಲು ಹೋದೆ.

ಅವನು ಒಪ್ಪಲಿಲ್ಲ. "ಆದರೂ ನಾವು ಒಂದು ವಾರ ಹಬ್ಬ ಮಾಡಿದೆವು" ಅಂದ.